ಹಾರ್ಡ್ ಡ್ರೈವ್ ಜಾಗ ಎಲ್ಲಿ ಹೋಯ್ತು? ಹುಡುಕಿ ಹಿಡಿಯಲು ಸಮಗ್ರ ಮಾರ್ಗದರ್ಶಿ

ಚಿಕ್ಕಮ್ಮನ ಕಂಪ್ಯೂಟರ್‌ನಲ್ಲಿ ಸಿ ಡ್ರೈವ್‌ನ ಪಟ್ಟಿ ಪೂರ್ತಿ ಕೆಂಪಾಗಿತ್ತು. ಜಾಗ ಇಲ್ಲ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿತ್ತು. ಅವರು ಕೂತು ಹಳೆಯ ಫೋಟೋಗಳನ್ನೆಲ್ಲ ಅಳಿಸಿ 20 ಜಿಬಿ ಖಾಲಿ ಮಾಡಿಕೊಂಡರು. ಮೂರೇ ದಿನಕ್ಕೆ ಆ 20 ಜಿಬಿಯೂ ತುಂಬಿತು. ಆಗ ನನಗೆ ಫೋನ್ ಮಾಡಿದರು. "ನಾನೇನೂ ಹಾಕೇ ಇಲ್ಲ ಕಣೋ, ಅದೇ ತುಂಬ್ಕೊಳ್ತಾ ಇದೆ" ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದನ್ನು ಮುಂದೆ ಹೇಳುತ್ತೇನೆ. ಆದರೆ ಆ ಫೋಟೋಗಳು ಹೋಗಬೇಕಾಗಿರಲಿಲ್ಲ ಎನ್ನುವ ಬೇಸರ ನನಗೆ ಇನ್ನೂ ಇದೆ. ಈ ಬರಹ ಬರೆಯುತ್ತಿರುವುದೂ ಅದಕ್ಕೇ. ಜಾಗ ಕಡಿಮೆಯಾದ ತಕ್ಷಣ ನಾವೆಲ್ಲ ಮಾಡುವುದು ಒಂದೇ ಕೆಲಸ. ಕಣ್ಣಿಗೆ ಕಾಣುವ ನಮ್ಮದೇ ಫೈಲ್‌ಗಳನ್ನು ಅಳಿಸುತ್ತೇವೆ. ಜಾಗ ತಿನ್ನುತ್ತಿರುವುದು ಮಾತ್ರ ಬಹಳ ಸಲ ನಮಗೆ ಕಾಣದ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ಮೊದಲು ಅಳೆಯಿರಿ, ಆಮೇಲೆ ಅಳಿಸಿ. ಈ ಕ್ರಮ ತಪ್ಪಬಾರದು.

ಮನೆಗಳಲ್ಲಿ ಜಾಸ್ತಿ ಇರುವುದು ವಿಂಡೋಸ್ ಆದ್ದರಿಂದ ಹೆಚ್ಚಿನ ಹಂತಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುವಂತಿವೆ. ಮ್ಯಾಕ್ ಮತ್ತು ಲಿನಕ್ಸ್ ಬಗ್ಗೆ ಕೊನೆಯಲ್ಲಿ ಹೇಳಿದ್ದೇನೆ. ಮೆನುಗಳ ಹೆಸರು ನಿಮ್ಮ ಪರದೆಯಲ್ಲಿ ಇಂಗ್ಲಿಷ್‌ನಲ್ಲಿ ಕಾಣಬಹುದು. ಇಲ್ಲಿ ಅದನ್ನೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ.

ಮೊದಲು ಉಸಿರಾಡಲು ಸ್ವಲ್ಪ ಜಾಗ

ಸಿ ಡ್ರೈವ್‌ನಲ್ಲಿ ಒಂದೆರಡು ಜಿಬಿ ಕೂಡ ಉಳಿದಿಲ್ಲ ಎಂದರೆ ಹುಡುಕಾಟಕ್ಕೂ ಕಷ್ಟ. ಪ್ರೋಗ್ರಾಂಗಳು ಅರ್ಧಕ್ಕೆ ನಿಲ್ಲುತ್ತವೆ, ಅಪ್‌ಡೇಟ್‌ಗಳು ವಿಫಲವಾಗುತ್ತವೆ, ಕೆಲವೊಮ್ಮೆ ಫೈಲ್ ಸೇವ್ ಆಗುವುದಿಲ್ಲ. ಆಗ ಒಂದು ಕೆಲಸ ಮಾಡಿ. ದೊಡ್ಡ ವಿಡಿಯೋಗಳು ಇದ್ದರೆ ಒಂದು ಪೆನ್ ಡ್ರೈವ್‌ಗೋ ಹೊರಗಿನ ಹಾರ್ಡ್ ಡಿಸ್ಕ್‌ಗೋ ಕಾಪಿ ಮಾಡಿ. ಕಾಪಿ ಮಾಡಿದ್ದು ಅಲ್ಲಿ ತೆರೆದು ಓಡುತ್ತದೆಯೇ ಎಂದು ನೋಡಿ. ಆಮೇಲೆ ಇಲ್ಲಿಂದ ತೆಗೆಯಿರಿ.

ರೀಸೈಕಲ್ ಬಿನ್ ಕೂಡ ನೋಡಿ. ಅಳಿಸಿದ ಫೈಲ್ ಅಲ್ಲಿ ಇರುವವರೆಗೂ ಜಾಗ ಹಿಡಿದುಕೊಂಡೇ ಇರುತ್ತದೆ. ಖಾಲಿ ಮಾಡುವ ಮುನ್ನ ಒಳಗೆ ಏನಿದೆ ಎಂದು ಒಂದು ಸಲ ಕಣ್ಣಾಡಿಸಿ.

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಲ್ಲಿ ಟೆಂಪರರಿ ಫೈಲ್ಸ್ ಎಂಬ ಸಾಲು ಇದೆ. ಅದನ್ನು ಒತ್ತಿದರೆ ಏನೇನು ಅಳಿಸಬಹುದು ಎಂಬ ಪಟ್ಟಿ ಬರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದು ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್. ಎಷ್ಟೋ ಜನ ಬ್ಯಾಂಕ್ ಸ್ಟೇಟ್‌ಮೆಂಟ್, ಅಂಕಪಟ್ಟಿ, ಟಿಕೆಟ್ ಎಲ್ಲ ಅಲ್ಲೇ ಬಿಟ್ಟಿರುತ್ತಾರೆ. ಅದಕ್ಕೆ ಟಿಕ್ ಹಾಕಬೇಡಿ.

ಜಾಗ ನಿಜಕ್ಕೂ ಹೋಗಿದೆಯೇ?

ಡಬ್ಬಿಯ ಮೇಲೆ 1 ಟಿಬಿ ಎಂದಿದೆ, ಕಂಪ್ಯೂಟರ್ 931 ಜಿಬಿ ಎನ್ನುತ್ತಿದೆ. ಹೊಸ ಡ್ರೈವ್ ಹಾಕಿದವರ ಮೊದಲ ಗಾಬರಿ ಇದು. ಇಲ್ಲಿ ಏನೂ ಕಳೆದಿಲ್ಲ. ಡ್ರೈವ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಒಂದೇ ಬಟ್ಟೆಯನ್ನು ಗಜದಲ್ಲಿ ಅಳೆದಂತೆ, ಮೀಟರ್‌ನಲ್ಲಿ ಅಳೆದಂತೆ. 256 ಜಿಬಿ ಎಂದರೆ ವಿಂಡೋಸ್‌ನಲ್ಲಿ 238, 500 ಎಂದರೆ 465, 512 ಎಂದರೆ 476.

ಇದರ ಜೊತೆಗೆ ಡ್ರೈವ್ ಒಳಗೇ ಬೇರೆ ಪಾರ್ಟಿಷನ್‌ಗಳು, ಅಂದರೆ ಬೇರ್ಪಡಿಸಿಟ್ಟ ಭಾಗಗಳು ಇರುತ್ತವೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗೆ ನಿಮ್ಮ ಡ್ರೈವ್ ಒಂದು ಉದ್ದ ಪಟ್ಟಿಯಂತೆ ಕಾಣುತ್ತದೆ. ಕಂಪ್ಯೂಟರ್ ಶುರುವಾಗಲು ಬೇಕಾದ ಚಿಕ್ಕ ಪಾರ್ಟಿಷನ್, ರಿಕವರಿ ಪಾರ್ಟಿಷನ್, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ಇಟ್ಟ ಇನ್ನೊಂದು ದೊಡ್ಡ ರಿಕವರಿ ಪಾರ್ಟಿಷನ್. ಇವನ್ನು ಮುಟ್ಟಬೇಡಿ. ಆದರೆ ಅಲ್ಲಿ ಕಪ್ಪು ಪಟ್ಟಿಯ ಅಡಿಯಲ್ಲಿ 'ಅನ್ಅಲೋಕೇಟೆಡ್' ಎಂದು ದೊಡ್ಡ ಭಾಗ ಕಂಡರೆ ಅದು ಯಾರೂ ಬಳಸದ ಜಾಗ. ಹಳೆಯ ಡ್ರೈವ್‌ನಲ್ಲಿ ಇದ್ದದ್ದನ್ನೆಲ್ಲ ಇದ್ದಂತೆಯೇ ದೊಡ್ಡ ಡ್ರೈವ್‌ಗೆ ಕ್ಲೋನ್ ಮಾಡಿದಾಗ ಹೀಗಾಗುವುದು ಸಾಮಾನ್ಯ. ಅದು ಸಿ ಡ್ರೈವ್‌ನ ಬಲಗಡೆಯೇ ಅಂಟಿಕೊಂಡಿದ್ದರೆ, ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ಟರೆ ಸಾಕು, ಸೇರಿಕೊಳ್ಳುತ್ತದೆ. ಮಾಡುವ ಮುನ್ನ ಮುಖ್ಯವಾದದ್ದನ್ನು ಬೇರೆ ಕಡೆ ಕಾಪಿ ಮಾಡಿಟ್ಟಿರಿ.

ಎರಡು ಸಂಖ್ಯೆ ಬರೆದುಕೊಳ್ಳಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದು ಕಾಗದ, ಒಂದು ಪೆನ್ ಸಾಕು.

ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಯೂಸ್ಡ್ ಸ್ಪೇಸ್ ಎಷ್ಟಿದೆ ಎಂದು ಬರೆದುಕೊಳ್ಳಿ. ಇದು ಮೊದಲನೆಯ ಸಂಖ್ಯೆ. ಇದು ಡ್ರೈವ್ ಸ್ವತಃ ಹೇಳುವ ಲೆಕ್ಕ.

ಈಗ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಕಾಣುವಂತೆ ಮಾಡಿ. ಸಿ ಡ್ರೈವ್ ಒಳಗೆ ಹೋಗಿ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆರಿಸಿ, ಆಲ್ಟ್ ಮತ್ತು ಎಂಟರ್ ಒತ್ತಿ. ಎಣಿಕೆ ಮುಗಿಯುವವರೆಗೆ ಕಾಯಿರಿ. ಅಲ್ಲಿ ಸೈಜ್ ಮತ್ತು ಸೈಜ್ ಆನ್ ಡಿಸ್ಕ್ ಎಂದು ಎರಡು ಬರುತ್ತವೆ. ಸೈಜ್ ಆನ್ ಡಿಸ್ಕ್ ಬರೆದುಕೊಳ್ಳಿ. ಇದು ಎರಡನೆಯದು. ನಿಮ್ಮ ಕಣ್ಣಿಗೆ ಬೀಳುವ ಫೈಲ್‌ಗಳ ಮೊತ್ತ.

ಎರಡೂ ಹೆಚ್ಚುಕಡಿಮೆ ತಾಳೆಯಾದರೆ, ಜಾಗ ತಿಂದ ಫೈಲ್ ನಿಮಗೆ ಕಾಣುವ ಕಡೆಯೇ ಇದೆ. ಮೊದಲನೆಯದು 200, ಎರಡನೆಯದು 130 ಎಂದು ಬಂದರೆ ಆ 70 ಜಿಬಿ ನಿಮಗೆ ಕಾಣದ ಅಥವಾ ನೋಡಲು ಅನುಮತಿ ಇಲ್ಲದ ಕಡೆ ಇದೆ. ಎರಡಕ್ಕೂ ದಾರಿ ಬೇರೆ. ಇದು ಗೊತ್ತಿಲ್ಲದೆ ಹುಡುಕಿದರೆ ಇಡೀ ದಿನ ತಪ್ಪು ಕೋಣೆಯಲ್ಲಿ ಹುಡುಕಿದಂತಾಗುತ್ತದೆ.

ತಾಳೆ ಅಂದರೆ ಜಿಬಿ ಜಿಬಿ ಸರಿಹೊಂದಬೇಕು ಎಂದಲ್ಲ. ವಿಂಡೋಸ್ ಫೋಲ್ಡರ್ ಒಳಗೆ ಒಂದೇ ಫೈಲ್‌ಗೆ ಎರಡು ಮೂರು ಹೆಸರು ಇರುವುದುಂಟು. ಎಣಿಸುವಾಗ ಅದು ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಐದಾರು ಜಿಬಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸೈಜ್‌ಗೂ ಸೈಜ್ ಆನ್ ಡಿಸ್ಕ್‌ಗೂ ಏನು ವ್ಯತ್ಯಾಸ? ಡ್ರೈವ್ ಜಾಗವನ್ನು ಚಿಕ್ಕ ಚಿಕ್ಕ ಖಾನೆಗಳಾಗಿ ಕೊಡುತ್ತದೆ. ವಿಂಡೋಸ್‌ನ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಒಂದು ಖಾನೆ 4 ಕೆಬಿ. 5 ಕೆಬಿ ಫೈಲ್‌ಗೆ ಎರಡು ಖಾನೆ ಬೇಕು, ಅಂದರೆ 8 ಕೆಬಿ. ಲಕ್ಷಗಟ್ಟಲೆ ಸಣ್ಣ ಫೈಲ್‌ಗಳಿದ್ದರೆ ಇದು ಸೇರಿ ಸೇರಿ ದೊಡ್ಡದಾಗುತ್ತದೆ. ಹೊರಗಿನ ದೊಡ್ಡ ಡ್ರೈವ್‌ಗಳನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ್ದರೆ ಖಾನೆ 128 ಕೆಬಿಯೋ ಅದಕ್ಕೂ ದೊಡ್ಡದೋ ಆಗಿರಬಹುದು. ಆಗ ಸಣ್ಣ ಫೈಲ್‌ಗಳ ಫೋಲ್ಡರ್ ಕಾಪಿ ಮಾಡಿದರೆ ಜಾಗ ನಾಲ್ಕಾರು ಪಟ್ಟು ಹೋಗುವುದು ಆಶ್ಚರ್ಯವಲ್ಲ.

ಕಾಣುವ ಕಡೆ ಹುಡುಕುವುದು

ಒಂದೊಂದೇ ಫೋಲ್ಡರ್ ತೆರೆದು ನೋಡುತ್ತಾ ಕೂರಬೇಡಿ. ಇದಕ್ಕೆಂದೇ ಉಚಿತ ಪ್ರೋಗ್ರಾಂಗಳಿವೆ. ವಿನ್‌ಡಿರ್‌ಸ್ಟ್ಯಾಟ್, ಟ್ರೀಸೈಜ್ ಫ್ರೀ, ವಿಜ್‌ಟ್ರೀ. ನಾನು ವಿಜ್‌ಟ್ರೀ ಬಳಸುತ್ತೇನೆ. ಅದು ಫೋಲ್ಡರ್‌ಗಳನ್ನು ಸುತ್ತುವ ಬದಲು ಡ್ರೈವ್‌ನ ಫೈಲ್ ಪಟ್ಟಿಯನ್ನೇ ನೇರವಾಗಿ ಓದುತ್ತದೆ. ಹಾಗಾಗಿ ದೊಡ್ಡ ಡ್ರೈವ್ ಕೂಡ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಯಾವುದನ್ನೇ ಬಳಸಿ, ಅದನ್ನು ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಿ. ತೆರೆಯುವಾಗ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಡಿ. ಇದನ್ನು ಮರೆತರೆ ಅದಕ್ಕೂ ಅರ್ಧ ಡ್ರೈವ್ ಕಾಣುವುದಿಲ್ಲ.

ತೆರೆದ ಮೇಲೆ ಫೋಲ್ಡರ್‌ಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲುತ್ತವೆ. ಮೇಲಿನದನ್ನು ಬಿಡಿಸಿ, ಅದರೊಳಗೆ ಮೇಲಿನದನ್ನು ಬಿಡಿಸಿ. ನಾಲ್ಕೈದು ಸಲ ಹೀಗೆ ಇಳಿದರೆ ತಳ ಸಿಗುತ್ತದೆ. ಸಿಕ್ಕಿದ ತಕ್ಷಣ ಡಿಲೀಟ್ ಒತ್ತಬೇಡಿ. ಅದು ಯಾರ ಫೈಲ್ ಎಂದು ಮೊದಲು ತಿಳಿಯಿರಿ. ಫೋಲ್ಡರ್ ಹೆಸರಿನಲ್ಲೇ ಸಾಮಾನ್ಯವಾಗಿ ಆ ಪ್ರೋಗ್ರಾಂ ಹೆಸರು ಇರುತ್ತದೆ. ಆಮೇಲೆ ಸಾಧ್ಯವಾದಷ್ಟು ಆ ಪ್ರೋಗ್ರಾಂನ ಒಳಗಿನಿಂದಲೇ ಅಳಿಸಿ.

ಜಾಸ್ತಿ ಸಲ ದಾರಿ ಹೋಗಿ ನಿಲ್ಲುವುದು ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಆ್ಯಪ್‌ಡೇಟಾ. ಇದು ಮಾಮೂಲಾಗಿ ಅಡಗಿರುವ ಫೋಲ್ಡರ್. ಪ್ರತಿ ಪ್ರೋಗ್ರಾಂ ತನ್ನ ಗಂಟುಮೂಟೆ ಇಡುವುದು ಇಲ್ಲೇ. ಇಲ್ಲಿ ನಾನು ಪದೇ ಪದೇ ಕಂಡ ಕೆಲವನ್ನು ಹೇಳುತ್ತೇನೆ.

ಐಫೋನ್ ಬ್ಯಾಕಪ್. ಫೋನನ್ನು ಒಂದೇ ಒಂದು ಸಲ ಕಂಪ್ಯೂಟರ್‌ಗೆ ಬ್ಯಾಕಪ್ ಮಾಡಿ ಮರೆತಿರುತ್ತಾರೆ. ಮೊಬೈಲ್‌ಸಿಂಕ್ ಎಂಬ ಫೋಲ್ಡರ್ ಒಳಗೆ ಅದು ಹತ್ತಾರು ಜಿಬಿ ಹಿಡಿದು ಕೂತಿರುತ್ತದೆ. ಹಳೆಯ ಫೋನ್ ಮನೆಯಲ್ಲೇ ಇಲ್ಲದಿದ್ದರೂ ಅದರ ಬ್ಯಾಕಪ್ ಇರುತ್ತದೆ. ಐಟ್ಯೂನ್ಸ್ ಅಥವಾ ಆ್ಯಪಲ್ ಡಿವೈಸಸ್ ತೆರೆದು ಅಲ್ಲಿಂದಲೇ ತೆಗೆಯಿರಿ. ಅದರಲ್ಲಿ ಮಾತ್ರ ಇರುವ ಫೋಟೋ, ಮೆಸೇಜ್ ಏನಾದರೂ ಇದೆಯೇ ಎಂದು ಮೊದಲು ಯೋಚಿಸಿ.

ವಿಡಿಯೋ ಎಡಿಟಿಂಗ್ ಪ್ರೋಗ್ರಾಂಗಳ ಕ್ಯಾಶ್, ಅಂದರೆ ಅವು ಕೆಲಸದ ವೇಗಕ್ಕೆಂದು ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲ್‌ಗಳು. ಮಗಳ ಹುಟ್ಟುಹಬ್ಬದ ಹತ್ತು ನಿಮಿಷದ ವಿಡಿಯೋ ಜೋಡಿಸಿದರೂ ಹಿಂದೆ ಹಲವು ಜಿಬಿ ಕ್ಯಾಶ್ ಉಳಿಯಬಹುದು. ಪ್ರಾಜೆಕ್ಟ್ ಮುಗಿದ ಮೇಲೆ ಆ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲೇ ಕ್ಯಾಶ್ ತೆರವು ಮಾಡಬಹುದು. ಚಾಟ್ ಆ್ಯಪ್‌ಗಳು ಕೂಡ ಹೀಗೆಯೇ. ಗ್ರೂಪ್‌ಗಳಲ್ಲಿ ಬಂದ ವಿಡಿಯೋಗಳು ಕಂಪ್ಯೂಟರ್‌ಗೂ ಇಳಿದಿರಬಹುದು.

ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳು ಇರುವ ಮನೆಯಲ್ಲಿ ಡಾಕರ್ ಅಥವಾ ವಿಂಡೋಸ್ ಒಳಗಿನ ಲಿನಕ್ಸ್ ಇದ್ದರೆ ವಿಎಚ್‌ಡಿಎಕ್ಸ್ ಎಂದು ಕೊನೆಗೊಳ್ಳುವ ದೊಡ್ಡ ಫೈಲ್ ಕಾಣುತ್ತದೆ. ಅದು ಬೆಳೆಯುತ್ತದೆ, ಆದರೆ ಒಳಗಿನದನ್ನು ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. ಅದನ್ನು ನೇರವಾಗಿ ಅಳಿಸಿದರೆ ಒಳಗಿನ ಕೆಲಸವೆಲ್ಲ ಹೋಗುತ್ತದೆ. ಆ ಮಗುವನ್ನು ಕೇಳದೆ ಮುಟ್ಟಬೇಡಿ.

ಒನ್‌ಡ್ರೈವ್ ಬಳಸುವವರಿಗೆ ಒಂದು ಮಾತು. ಸಿಂಕ್ ಆಗುವ ಫೋಲ್ಡರ್‌ನಿಂದ ಫೈಲ್ ಡಿಲೀಟ್ ಮಾಡಿದರೆ ಅದು ಕ್ಲೌಡ್‌ನಿಂದಲೂ ಹೋಗುತ್ತದೆ, ನಿಮ್ಮ ಬೇರೆ ಸಾಧನಗಳಿಂದಲೂ ಹೋಗುತ್ತದೆ. ನಿಮಗೆ ಬೇಕಾಗಿರುವುದು ಈ ಕಂಪ್ಯೂಟರ್‌ನಲ್ಲಿ ಜಾಗ ಮಾತ್ರ ಅಲ್ವಾ? ಹಾಗಿದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರೀ ಅಪ್ ಸ್ಪೇಸ್ ಕೊಡಿ. ಫೈಲ್‌ನ ಹೆಸರು ಇಲ್ಲಿ ಉಳಿಯುತ್ತದೆ, ಫೈಲ್ ಕ್ಲೌಡ್‌ನಲ್ಲಿ ಉಳಿಯುತ್ತದೆ, ಜಾಗ ಖಾಲಿಯಾಗುತ್ತದೆ.

ಇನ್ನು ವಿಂಡೋಸ್ ಫೋಲ್ಡರ್. ಅದರೊಳಗೆ ವಿನ್‌ಎಸ್ಎಕ್ಸ್ಎಸ್ ಎಂಬುದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಒಂದೇ ಫೈಲ್‌ಗೆ ಹಲವು ಹೆಸರು ಇರುತ್ತದೆ ಎಂದೆನಲ್ಲ, ಅದು ಮುಖ್ಯವಾಗಿ ಇಲ್ಲೇ. ನಿಜವಾಗಿ ಅದು ಕಾಣುವಷ್ಟು ಜಾಗ ತಿಂದಿರುವುದಿಲ್ಲ. ಕೈಯಿಂದ ಅಳಿಸಲು ಹೋದರೆ ವಿಂಡೋಸ್ ಎದ್ದೇಳದೆ ಹೋಗಬಹುದು. ಅದರ ಬದಲು ಸ್ಟಾರ್ಟ್‌ನಲ್ಲಿ ಡಿಸ್ಕ್ ಕ್ಲೀನಪ್ ಹುಡುಕಿ ತೆರೆಯಿರಿ, ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್ ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್‌ಗೆ ಟಿಕ್ ಹಾಕಿ. ಬೇಡವಾದ ಹಳೆಯ ಭಾಗಗಳನ್ನು ಅದೇ ಸುರಕ್ಷಿತವಾಗಿ ತೆಗೆಯುತ್ತದೆ.

ಈಚೆಗೆ ದೊಡ್ಡ ಅಪ್‌ಗ್ರೇಡ್ ಆಗಿದ್ದರೆ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಇರುತ್ತದೆ. ಹಳೆಯ ಆವೃತ್ತಿ ಪೂರ್ತಿ ಅದರಲ್ಲಿದೆ. ಮಾಮೂಲಾಗಿ 10 ದಿನದ ನಂತರ ವಿಂಡೋಸ್ ತಾನೇ ಅದನ್ನು ತೆಗೆಯುತ್ತದೆ. ಬೇಗ ತೆಗೆಯಬೇಕಾದರೆ ಅದೇ ಡಿಸ್ಕ್ ಕ್ಲೀನಪ್‌ನಲ್ಲಿ ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್ಸ್ ಎಂದಿರುತ್ತದೆ. ತೆಗೆದ ಮೇಲೆ ಹಳೆಯ ಆವೃತ್ತಿಗೆ ಮರಳಲು ಆಗುವುದಿಲ್ಲ.

ಕಾಣದ ಕಡೆ ಹುಡುಕುವುದು

ಎರಡು ಸಂಖ್ಯೆಗಳ ನಡುವೆ ದೊಡ್ಡ ಅಂತರ ಬಂದಿದ್ದರೆ ನಾನು ಮೊದಲು ನೋಡುವುದು ರಿಸ್ಟೋರ್ ಪಾಯಿಂಟ್‌ಗಳನ್ನು. ಅಪ್‌ಡೇಟ್ ಅಥವಾ ಹೊಸ ಡ್ರೈವರ್ (ಪ್ರಿಂಟರ್‌ನಂಥ ಸಾಧನವನ್ನು ನಡೆಸುವ ತಂತ್ರಾಂಶ) ಹಾಕುವ ಮುನ್ನ ವಿಂಡೋಸ್ ತನ್ನ ಆಗಿನ ಸ್ಥಿತಿಯನ್ನು ಉಳಿಸಿಟ್ಟುಕೊಳ್ಳುತ್ತದೆ. ಅದು ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಎಂಬ ಫೋಲ್ಡರ್‌ನಲ್ಲಿ ಇರುತ್ತದೆ. ನೀವು ಅಡ್ಮಿನಿಸ್ಟ್ರೇಟರ್ ಆದರೂ ಅದರೊಳಗೆ ಹೋಗಲು ಮಾಮೂಲಾಗಿ ಬಿಡುವುದಿಲ್ಲ. ಅದರ ಪ್ರಾಪರ್ಟೀಸ್ ನೋಡಿದರೆ ಸೊನ್ನೆ ಎಂದು ತೋರಿಸುತ್ತದೆ. ಒಳಗೆ ಹತ್ತಾರು ಜಿಬಿ ಇದ್ದರೂ ಅಷ್ಟೇ.

ನೋಡುವ ದಾರಿ ಹೀಗೆ. ಸ್ಟಾರ್ಟ್‌ನಲ್ಲಿ 'ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ, ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ತೆರೆಯಿರಿ. ಸಿ ಡ್ರೈವ್ ಆರಿಸಿ ಕಾನ್ಫಿಗರ್ ಒತ್ತಿ. ಕರೆಂಟ್ ಯೂಸೇಜ್ ಎಂಬಲ್ಲಿ ಈಗ ಎಷ್ಟು ತಿಂದಿದೆ ಎಂದು ಕಾಣುತ್ತದೆ. ಅದರ ಕೆಳಗೆ ಮ್ಯಾಕ್ಸ್ ಯೂಸೇಜ್ ಎಂಬ ಸ್ಲೈಡರ್. ಅದನ್ನು ಹಿಂದಕ್ಕೆ ಎಳೆದು ಅಪ್ಲೈ ಕೊಟ್ಟರೆ ಹಳೆಯ ಪಾಯಿಂಟ್‌ಗಳು ಒಂದೊಂದಾಗಿ ಹೋಗುತ್ತವೆ. ಕೆಳಗಿರುವ ಡಿಲೀಟ್ ಬಟನ್ ಎಲ್ಲವನ್ನೂ ಒಂದೇ ಸಲ ತೆಗೆಯುತ್ತದೆ. ನಾನು ಸ್ಲೈಡರ್ ಬಳಸಿ ಎನ್ನುತ್ತೇನೆ. ಪೂರ್ತಿ ಆಫ್ ಮಾಡಲೇಬೇಡಿ. ಒಂದು ಕೆಟ್ಟ ಡ್ರೈವರ್ ಬಂದು ಕೂತ ದಿನ ಅದು ನಿಮ್ಮ ಕೈಹಿಡಿಯುತ್ತದೆ.

ಮುಂದಿನದು ಹೈಬರ್ನೇಷನ್ ಫೈಲ್. ತೆರೆದ ಕೆಲಸವನ್ನು ಡ್ರೈವ್‌ನಲ್ಲಿ ಉಳಿಸಿಟ್ಟು ಕಂಪ್ಯೂಟರ್ ಆಫ್ ಆಗುವುದೇ ಹೈಬರ್ನೇಟ್. ಆ ಫೈಲ್ ಸಿ ಡ್ರೈವ್‌ನಲ್ಲೇ, ಯಾವ ಫೋಲ್ಡರ್ ಒಳಗೂ ಅಲ್ಲದೆ, ಹೈಬರ್‌ಫಿಲ್ ಡಾಟ್ ಸಿಸ್ ಎಂಬ ಹೆಸರಿನಲ್ಲಿ ಇರುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಕಾಣದು, ವಿಜ್‌ಟ್ರೀಯಲ್ಲಿ ಕಾಣುತ್ತದೆ. ಮಾಮೂಲಾಗಿ ಅದರ ಗಾತ್ರ ರ‍್ಯಾಮ್‌ನ ಶೇ. 40ರಷ್ಟು. 16 ಜಿಬಿ ರ‍್ಯಾಮ್ ಇದ್ದರೆ 6 ಜಿಬಿ ಮೇಲೆ. ಲ್ಯಾಪ್‌ಟಾಪ್ ಆದರೆ ಇರಲಿ ಬಿಡಿ. ಬ್ಯಾಟರಿ ಮುಗಿಯುವಾಗ ನಿಮ್ಮ ಕೆಲಸ ಉಳಿಸುವುದು ಅದೇ. ಮೇಜಿನ ಮೇಲಿನ ಕಂಪ್ಯೂಟರ್ ಆಗಿದ್ದು ನೀವು ಹೈಬರ್ನೇಟ್ ಬಳಸುವುದೇ ಇಲ್ಲ ಎಂದಾದರೆ ತೆಗೆಯಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ (powercfg) ಎಂದು ಟೈಪ್ ಮಾಡಿ, ಒಂದು ಸ್ಪೇಸ್, ಓರೆಗೆರೆ (/) ಮತ್ತು ಎಚ್ ಅಕ್ಷರ, ಮತ್ತೊಂದು ಸ್ಪೇಸ್, ಕೊನೆಗೆ ಆಫ್. ಎಂಟರ್ ಒತ್ತಿದ ಕೂಡಲೇ ಫೈಲ್ ಹೋಗುತ್ತದೆ. ಇದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ ಎಂಬುದು ಗೊತ್ತಿರಲಿ. ಮತ್ತೆ ಬೇಕೆನಿಸಿದರೆ ಆಫ್ ಜಾಗದಲ್ಲಿ ಆನ್ ಎಂದು ಕೊಟ್ಟರಾಯಿತು.

ಪಕ್ಕದಲ್ಲೇ ಪೇಜ್‌ಫೈಲ್ ಡಾಟ್ ಸಿಸ್ ಎಂಬುದೂ ಇರುತ್ತದೆ. ರ‍್ಯಾಮ್ ಸಾಲದಾದಾಗ ವಿಂಡೋಸ್ ಅದನ್ನು ಬಳಸುತ್ತದೆ. ಬ್ರೌಸರ್‌ನಲ್ಲಿ ಐವತ್ತು ಟ್ಯಾಬ್ ತೆರೆದರೆ ಇದು ಊದಿಕೊಳ್ಳುತ್ತದೆ, ರೀಸ್ಟಾರ್ಟ್ ಮಾಡಿದ ಮೇಲೆ ಇಳಿಯುತ್ತದೆ. ಬೆಳಿಗ್ಗೆ ಇದ್ದ ಜಾಗ ಸಂಜೆ ಇಲ್ಲ, ಮಾರನೆ ದಿನ ಮತ್ತೆ ಬಂದಿದೆ ಎನ್ನುವವರು ಇದನ್ನೇ ನೋಡಬೇಕು. ಇದನ್ನು ಆಫ್ ಮಾಡಿ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಒಪ್ಪಬೇಡಿ. ಪ್ರೋಗ್ರಾಂಗಳು ನಡುವೆಯೇ ಬೀಳಲು ಶುರುವಾಗುತ್ತವೆ.

ಕಂಪ್ಯೂಟರ್‌ನಲ್ಲಿ ಮನೆಯ ಬೇರೆಯವರ ಖಾತೆ ಇದೆಯೇ? ಅವರ ಫೋಲ್ಡರ್ ನಿಮಗೆ ಕಾಣುವುದಿಲ್ಲ, ಅವರ ರೀಸೈಕಲ್ ಬಿನ್ ಕೂಡ ಬೇರೆ. ನೀವು ನಿಮ್ಮದನ್ನು ಖಾಲಿ ಮಾಡಿದರೆ ಅವರದು ಹಾಗೇ ಇರುತ್ತದೆ. ಅವರ ಖಾತೆಯಿಂದಲೇ ಲಾಗಿನ್ ಆಗಿ ನೋಡಲು ಹೇಳಿ.

2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಅಪ್‌ಡೇಟ್‌ಗಳಿಗೆಂದು ಸುಮಾರು 7 ಜಿಬಿ ಕಾದಿರಿಸುವ ವ್ಯವಸ್ಥೆಯೂ ಇದೆ. ಸ್ಟೋರೇಜ್ ಪುಟದಲ್ಲಿ ರಿಸರ್ವ್ಡ್ ಸ್ಟೋರೇಜ್ ಎಂದು ಕಂಡರೆ ಅದೇ. ಬಿಟ್ಟುಬಿಡಿ.

ದಿನದಿನಕ್ಕೂ ಜಾಗ ಕಡಿಮೆಯಾಗುತ್ತಿದ್ದರೆ

ಚಿಕ್ಕಮ್ಮನ ಕಂಪ್ಯೂಟರ್‌ನದ್ದು ಇದೇ ಕಥೆ. ಇಲ್ಲಿ ಏನು ಇದೆ ಎಂದು ಹುಡುಕುವುದಕ್ಕಿಂತ ಈಗ ಯಾರು ಬರೆಯುತ್ತಿದ್ದಾರೆ ಎಂದು ನೋಡಬೇಕು. ಅದಕ್ಕೆ ವಿಂಡೋಸ್ ಒಳಗೇ ಒಂದು ಒಳ್ಳೆಯ ಸಾಧನ ಇದೆ. ಅದನ್ನು ತೆರೆದು ನೋಡಿದವರು ಕಡಿಮೆ.

ಎಲ್ಲ ಪ್ರೋಗ್ರಾಂ ಮುಚ್ಚಿ. ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆಯಿರಿ. ಡಿಸ್ಕ್ ಎಂಬ ಟ್ಯಾಬ್‌ಗೆ ಹೋಗಿ. ಮಧ್ಯದಲ್ಲಿ ಡಿಸ್ಕ್ ಆ್ಯಕ್ಟಿವಿಟಿ ಎಂಬ ಭಾಗ ಇದೆ, ಅದನ್ನು ಬಿಡಿಸಿ. ರೈಟ್ (ಬರೆಯುವುದು) ಎಂಬ ಕಾಲಮ್‌ನ ತಲೆಯ ಮೇಲೆ ಒತ್ತಿದರೆ ಜಾಸ್ತಿ ಬರೆಯುತ್ತಿರುವವರು ಮೇಲಕ್ಕೆ ಬರುತ್ತಾರೆ. ಪಕ್ಕದ ಫೈಲ್ ಕಾಲಮ್‌ನಲ್ಲಿ ಯಾವ ಫೈಲ್‌ಗೆ ಬರೆಯುತ್ತಿದ್ದಾರೆ ಎಂದು ಪೂರ್ತಿ ವಿಳಾಸ ಕಾಣುತ್ತದೆ. ಐದು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಬಂದು ಹೋಗುವ ಸಾಲುಗಳನ್ನು ಬಿಡಿ. ಯಾವ ಸಾಲು ಜಾಗ ಬಿಟ್ಟು ಕದಲುವುದೇ ಇಲ್ಲವೋ ಅದನ್ನು ಹಿಡಿಯಿರಿ.

ಅಲ್ಲಿ ಕದಲದ ಸಾಲು ಒಂದಿತ್ತು. ಸೆಕೆಂಡಿಗೆ ಸುಮಾರು 80 ಕೆಬಿ. ನೋಡಿದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಚಿಕ್ಕಮ್ಮ ಕಂಪ್ಯೂಟರ್ ಆಫ್ ಮಾಡುವವರಲ್ಲ. ಹಗಲೂ ರಾತ್ರಿ ಸೇರಿದರೆ ದಿನಕ್ಕೆ 7 ಜಿಬಿ ಹತ್ತಿರ. ಮೂರು ದಿನಕ್ಕೆ 20. ಲೆಕ್ಕ ತಾಳೆಯಾಯಿತು.

ಫೈಲ್‌ನ ವಿಳಾಸ ಪ್ರೋಗ್ರಾಂಡೇಟಾ ಒಳಗಿನ ಒಂದು ಪ್ರಿಂಟರ್ ತಂತ್ರಾಂಶದ ಫೋಲ್ಡರ್‌ಗೆ ಹೋಗುತ್ತಿತ್ತು. ಅದೊಂದು ಲಾಗ್ ಫೈಲ್, ಪ್ರೋಗ್ರಾಂ ತನ್ನ ದಿನಚರಿ ಬರೆದಿಡುವ ಬರೀ ಅಕ್ಷರಗಳ ಫೈಲ್. ಗಾತ್ರ 90 ಜಿಬಿಗೂ ಮೇಲೆ. ನೋಟ್‌ಪ್ಯಾಡ್‌ನಲ್ಲಿ ಅಷ್ಟು ದೊಡ್ಡ ಫೈಲ್ ತೆರೆಯುವುದಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಕೊನೆಯ ಹತ್ತು ಸಾಲು ಮಾತ್ರ ತೆಗೆದು ನೋಡಿದೆ. ಹತ್ತೂ ಸಾಲು ಒಂದೇ: ಸಾಧನ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಲಾಗುತ್ತಿದೆ. ಆ ಪ್ರಿಂಟರ್ ಕೆಟ್ಟು ಮನೆಯಿಂದ ಹೊರಗೆ ಹೋಗಿ ಎರಡು ವಾರವಾಗಿತ್ತು. ಅದರ ತಂತ್ರಾಂಶ ಮಾತ್ರ ಇನ್ನೂ ಅದನ್ನು ಹುಡುಕುತ್ತಲೇ ಇತ್ತು, ಸಿಗಲಿಲ್ಲ ಎಂದು ಪ್ರತಿ ಸಲವೂ ಬರೆದಿಡುತ್ತಿತ್ತು.

ಇಂಥ ಫೈಲನ್ನು ನೇರವಾಗಿ ಅಳಿಸಲು ಹೋದರೆ ಬಳಕೆಯಲ್ಲಿದೆ ಎಂದು ವಿಂಡೋಸ್ ತಡೆಯುತ್ತದೆ. ಅಳಿಸಿದರೂ ಮರುದಿನ ಹೊಸದು ಹುಟ್ಟುತ್ತದೆ. ಹಾಗಾಗಿ ಬೇರನ್ನೇ ಕೀಳಬೇಕು. ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಆ ಪ್ರಿಂಟರ್ ತಂತ್ರಾಂಶ ಅನ್ಇನ್‌ಸ್ಟಾಲ್ ಮಾಡಿದೆ, ರೀಸ್ಟಾರ್ಟ್ ಮಾಡಿದೆ, ಆಮೇಲೆ ಉಳಿದಿದ್ದ ಲಾಗ್ ಫೈಲ್ ಅಳಿಸಿದೆ. ರೀಸೈಕಲ್ ಬಿನ್‌ಗೆ ಹೋಗದಂತೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದು ಅಲ್ಲಿ ಮಾತ್ರ.

ನಿಮಗೂ ಬಳಸುತ್ತಿರುವ ಪ್ರೋಗ್ರಾಂನದ್ದೇ ಲಾಗ್ ಸಿಕ್ಕರೆ ಅದನ್ನು ಅಪ್‌ಡೇಟ್ ಮಾಡಿ ನೋಡಿ. ಕೊನೆಯ ಸಾಲುಗಳನ್ನು ಓದಿ. ಏನು ತೊಂದರೆ ಎಂದು ಅದೇ ಹೇಳುತ್ತಿರುತ್ತದೆ.

ವಿಂಡೋಸ್‌ನ ಸ್ವಂತ ಲಾಗ್‌ಗಳಲ್ಲೂ ಇಂಥದ್ದೊಂದು ಇದೆ. ವಿಂಡೋಸ್ ಒಳಗೆ ಲಾಗ್ಸ್, ಅದರೊಳಗೆ ಸಿಬಿಎಸ್ ಎಂಬ ಫೋಲ್ಡರ್. ಅಪ್‌ಡೇಟ್‌ಗಳ ದಿನಚರಿ ಅಲ್ಲಿ ಬರೆಯಲಾಗುತ್ತದೆ. ಆ ಲಾಗ್ 2 ಜಿಬಿ ದಾಟುವಷ್ಟು ಬೆಳೆದರೆ ಅದನ್ನು ಕುಗ್ಗಿಸಿಡುವ ಕೆಲಸ ವಿಫಲವಾಗಬಹುದು. ವಿಂಡೋಸ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪ್ರತಿ ಪ್ರಯತ್ನಕ್ಕೂ ವಿಂಡೋಸ್ ಫೋಲ್ಡರ್‌ನ ಟೆಂಪ್ ಒಳಗೆ ಕ್ಯಾಬ್ ಎಂದು ಶುರುವಾಗುವ ಒಂದು ಫೈಲ್ ಬಿಟ್ಟುಹೋಗುತ್ತದೆ. ಟೆಂಪ್ ಒಳಗೆ ಅಂಥ ನೂರಾರು ಫೈಲ್ ಕಂಡರೆ ಅವನ್ನು ಅಳಿಸಿದರಷ್ಟೇ ಸಾಲದು. ಸ್ಟಾರ್ಟ್‌ನಲ್ಲಿ ಸರ್ವಿಸಸ್ ಹುಡುಕಿ ತೆರೆದು, ಅಲ್ಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ನಿಲ್ಲಿಸಿ, ಆ ದೊಡ್ಡ ಸಿಬಿಎಸ್ ಲಾಗನ್ನೂ ಅಳಿಸಿ, ರೀಸ್ಟಾರ್ಟ್ ಮಾಡಿ. ಆಗ ಸರಪಳಿ ತುಂಡಾಗುತ್ತದೆ.

ಫೈಲ್ ಹುಡುಕಾಟದ ಸೂಚಿಯೂ ಕೆಲವೊಮ್ಮೆ ಮಿತಿ ಮೀರಿ ಬೆಳೆಯುತ್ತದೆ. ಪ್ರೋಗ್ರಾಂಡೇಟಾ ಒಳಗೆ ವಿಂಡೋಸ್ ಎಂಬ ಹೆಸರಿನ ಇಡಿಬಿ ಅಥವಾ ಡಿಬಿ ಫೈಲ್ ಹತ್ತಾರು ಜಿಬಿ ಕಂಡರೆ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆದು, ಅಡ್ವಾನ್ಸ್ಡ್‌ನಲ್ಲಿ ರೀಬಿಲ್ಡ್ ಕೊಡಿ. ಮತ್ತೆ ಕಟ್ಟಿ ಮುಗಿಯುವವರೆಗೆ ಹುಡುಕಾಟ ನಿಧಾನ ಇರುತ್ತದೆ.

ಇಷ್ಟಾದರೂ ಸಿಗದಿದ್ದರೆ

ಡ್ರೈವ್‌ನ ಲೆಕ್ಕವೇ ತಪ್ಪಿರಬಹುದು. ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರ್ ಆಫ್ ಆದಾಗ ಹೀಗಾಗುವುದುಂಟು. ಸಿ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಅಲ್ಲಿ ಚೆಕ್ ಒತ್ತಿ. ದೋಷ ಸಿಕ್ಕರೆ ಸರಿಪಡಿಸಲು ಕೇಳುತ್ತದೆ. ಅದಕ್ಕೂ ಮುನ್ನ ಬೇಕಾದ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಡ್ರೈವ್ ಹಾಳಾಗುತ್ತಿದ್ದರೆ ಈ ತಪಾಸಣೆಯ ಶ್ರಮವನ್ನೂ ಅದು ತಡೆಯದೆ ಹೋಗಬಹುದು. ಪೂರ್ತಿ ವೈರಸ್ ಸ್ಕ್ಯಾನ್ ಕೂಡ ಒಂದು ಸಲ ಮಾಡಿ. ಜಾಗ ಹೋಗಲು ವೈರಸ್ ಕಾರಣವಾಗುವುದು ಅಪರೂಪ, ಆದರೂ ಬಿಡಬೇಡಿ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ದೊಡ್ಡ ಫೈಲ್ ಅಳಿಸಿ ಬಿನ್ ಖಾಲಿ ಮಾಡಿದರೂ ಜಾಗ ಬರಲಿಲ್ಲ ಎಂಬ ದೂರು ಜಾಸ್ತಿ. ಕಾರಣ ಸ್ನ್ಯಾಪ್‌ಶಾಟ್, ಅಂದರೆ ಡ್ರೈವ್‌ನ ಆ ಹೊತ್ತಿನ ಸ್ಥಿತಿಯ ದಾಖಲೆ. ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷೀನ್ ಬಳಸುತ್ತಿದ್ದರೆ ಅದು ಡ್ರೈವ್‌ನಲ್ಲೇ ಆಗಾಗ ಸ್ನ್ಯಾಪ್‌ಶಾಟ್ ಇಡುತ್ತದೆ. ನೀವು ಅಳಿಸಿದ ಫೈಲ್ ಆ ಸ್ನ್ಯಾಪ್‌ಶಾಟ್‌ನಲ್ಲಿ ಇರುವವರೆಗೆ ಜಾಗ ಬಿಡುಗಡೆ ಆಗುವುದಿಲ್ಲ. ಸಾಮಾನ್ಯವಾಗಿ ಒಂದು ದಿನ ಕಾದರೆ ತಾನೇ ಸರಿಹೋಗುತ್ತದೆ. ಕಾಯಲಾಗದಿದ್ದರೆ ಡಿಸ್ಕ್ ಯುಟಿಲಿಟಿಯ ವ್ಯೂ ಮೆನುವಿನಲ್ಲಿ ಸ್ನ್ಯಾಪ್‌ಶಾಟ್‌ಗಳನ್ನು ತೋರಿಸುವ ಆಯ್ಕೆ ಇದೆ, ಅಲ್ಲಿಂದ ತೆಗೆಯಬಹುದು. ಫೈಲ್ ಹುಡುಕಲು ಗ್ರ್ಯಾಂಡ್‌ಪರ್ಸ್‌ಪೆಕ್ಟಿವ್ ಚೆನ್ನಾಗಿದೆ.

ಲಿನಕ್ಸ್‌ನಲ್ಲಿ ಡಿಎಫ್ ಮತ್ತು ಡಿಯು ಎಂಬ ಎರಡು ಕಮಾಂಡ್‌ಗಳೇ ನಮ್ಮ ಎರಡು ಸಂಖ್ಯೆ: ಡಿಎಫ್ ಡ್ರೈವ್ ಹೇಳುವ ಲೆಕ್ಕ, ಡಿಯು ಫೈಲ್‌ಗಳ ಮೊತ್ತ. ಎರಡಕ್ಕೂ ತಾಳೆಯಾಗದಿದ್ದರೆ ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿದೆಯೇ ನೋಡಿ. ಲಿನಕ್ಸ್‌ನಲ್ಲಿ ತೆರೆದ ಫೈಲ್ ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ. ಪ್ರೋಗ್ರಾಂ ಅದನ್ನು ಬಿಡುವವರೆಗೆ ಜಾಗ ಹಾಗೇ ಇರುತ್ತದೆ. ಒಂದು ರೀಸ್ಟಾರ್ಟ್‌ಗೆ ಇದು ಸರಿಹೋಗುತ್ತದೆ. ಈಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿದ ಡ್ರೈವ್‌ಗಳಲ್ಲಿ ಮಾಮೂಲಾಗಿ ಶೇ. 5ರಷ್ಟು ಜಾಗ ರೂಟ್ ಬಳಕೆದಾರನಿಗೆ (ಲಿನಕ್ಸ್‌ನ ಅಡ್ಮಿನಿಸ್ಟ್ರೇಟರ್) ಮೀಸಲು ಎಂಬುದೂ ನೆನಪಿರಲಿ.

ಸರಿಹೋಗಿದೆ ಎಂದು ಖಾತ್ರಿ ಮಾಡಿಕೊಳ್ಳುವುದು

ಜಾಗ ವಾಪಸ್ ಬಂತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದು ವಾರ ಪ್ರತಿದಿನ ಒಂದೇ ಹೊತ್ತಿಗೆ ಸಿ ಡ್ರೈವ್‌ನ ಫ್ರೀ ಸ್ಪೇಸ್ ನೋಡಿ ತಾರೀಖಿನ ಜೊತೆ ಬರೆದಿಡಿ. ಒಂದೆರಡು ಜಿಬಿ ಮೇಲೆ ಕೆಳಗೆ ಆಗುವುದು ಸಹಜ. ಪ್ರತಿದಿನ ಒಂದೇ ಅಳತೆಯಲ್ಲಿ ಇಳಿಯುತ್ತಿದ್ದರೆ ಮತ್ತೆ ರಿಸೋರ್ಸ್ ಮಾನಿಟರ್ ತೆರೆಯಿರಿ. ಅಪ್‌ಡೇಟ್ ಬಂದ ದಿನ ಒಮ್ಮೆ ಇಳಿದು ನಿಂತರೆ ಚಿಂತೆ ಬೇಡ.

ಚಿಕ್ಕಮ್ಮ ಕ್ಯಾಲೆಂಡರ್‌ನ ಖಾನೆಗಳಲ್ಲೇ ಬರೆಯುತ್ತಾ ಹೋದರು. ಸೋಮವಾರ 96, ಮಂಗಳವಾರ 96, ಬುಧವಾರ 95, ಗುರುವಾರ ಮತ್ತೆ 96. ಭಾನುವಾರ ಅವರು 92 ಎಂದು ಬರೆದು ಗಾಬರಿಯಿಂದ ಫೋನ್ ಮಾಡಿದರು. ಕೇಳಿದರೆ, ಹಳೆಯ ಫೋನ್‌ನ ಮೆಮೊರಿ ಕಾರ್ಡ್‌ನಲ್ಲಿ ಅಳಿಸಿದ ಫೋಟೋಗಳಲ್ಲಿ ಒಂದಷ್ಟು ಸಿಕ್ಕಿದ್ದವು. ಅವನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡಿದ್ದರು.